ಹಿಂದಿನ ಸಾಲು ನಕ್ಕಾಗ ಮುಂದಿನ ಸಾಲು ಸುಮ್ಮನಿತ್ತು

ಮೊದಲ ಪ್ರದರ್ಶನದ ದಿನ ನಾನು ಕೂತದ್ದು ನಡುವಿನ ಸಾಲಿನ ತುದಿ ಖುರ್ಚಿಯಲ್ಲಿ, ತೊಡೆಯ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು. ನಾಟಕದ ಹನ್ನೊಂದು ಹಾಡುಗಳಲ್ಲಿ ಮೂರು ನಾನು ಬರೆದವು. ಎರಡು ತಿಂಗಳ ತಾಲೀಮಿನಲ್ಲಿ ಉಳಿದ ಎಂಟೂ ಬಾಯಿಪಾಠ ಆಗಿದ್ದವು. ಹಾಗಾಗಿ ಸ್ಟೇಜ್ ಕಡೆ ನೋಡೋ ಅಗತ್ಯ ನನಗಿರಲಿಲ್ಲ. ನೋಡಬೇಕಾದದ್ದು ಜನರನ್ನ. ಯಾರು ನಕ್ಕರು, ಯಾವಾಗ ನಕ್ಕರು, ನಗೋ ಜಾಗದಲ್ಲಿ ಯಾರು ಆಕಳಿಸಿದರು.

ಮೊದಲ ಹಾಡಿಗೇ ನನ್ನ ಲೆಕ್ಕ ತಪ್ಪಿತು. ಪೇಟಿಯ ಮೇಲೆ ನಾಲ್ಕು ಸ್ವರ ಬಿದ್ದದ್ದೇ ತಡ, ಹಿಂದಿನ ಸಾಲಿನ ಕಾಲೇಜು ಹುಡುಗರು ಹೋ ಅಂತ ನಕ್ಕರು. ಮುಂದಿನ ಸಾಲಿನ ಹಿರಿಯರು ತಿರುಗಿ ನೋಡಿದರು, ಇವಕ್ಕೇನಾಯ್ತು ಅನ್ನೋ ಹಾಗೆ. ಹಾಡು ಇನ್ನೂ ಶುರುವೇ ಆಗಿರಲಿಲ್ಲ. ಆಮೇಲೆ ಪಲ್ಲವಿ ಮುಗಿದು, ‘ಇಲ್ಲಿ ನಗ್ತಾರೆ’ ಅಂತ ನಾವು ಸ್ಕ್ರಿಪ್ಟಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದ ಸಾಲು ಬಂತು. ಇಡೀ ಥಿಯೇಟರ್ ಗಪ್‌ಚುಪ್.

ಇದು ಧಾರವಾಡದ ಒಂದು ಹವ್ಯಾಸಿ ತಂಡದ ನಾಟಕ. ಹೆಸರು ಬೇಡ ಅಂತ ಅವರೇ ಹೇಳಿದ್ದಾರೆ. ಮೀಮ್, ರೀಲ್ಸ್, ಟ್ರೋಲ್ ಇವನ್ನೇ ಸಾಮಾನು ಮಾಡಿಕೊಂಡು ಕಟ್ಟಿದ ಹಾಸ್ಯ ಸಂಗೀತ ನಾಟಕ. ಕತೆ ಸರಳ. ಒಬ್ಬ ಹುಡುಗನ ಫೋನ್ ಒಡೆಯುತ್ತೆ. ಒಳಗಿದ್ದ ಮೀಮ್‌ಗಳೆಲ್ಲ ಹೊರಗೆ ಬಿದ್ದು, ಇರೋಕೆ ಜಾಗ ಇಲ್ಲದೆ, ಅವನ ಅವ್ವನ ಹತ್ತಿರ ಬಾಡಿಗೆಗೆ ರೂಮ್ ಕೇಳುತ್ತವೆ. ಅವ್ವ ಎಲ್ಲರಿಗೂ ಕೇಳೋ ಪ್ರಶ್ನೆಗಳನ್ನೇ ಕೇಳುತ್ತಾಳೆ: ಯಾವೂರು, ಏನ್ ಓದ್ತೀರಿ, ರಾತ್ರಿ ಎಷ್ಟಕ್ಕೆ ಬರ್ತೀರಿ, ನೀರು ಎಷ್ಟು ಬಳಸ್ತೀರಿ. ಧಾರವಾಡದಲ್ಲಿ ರೂಮ್ ಹುಡುಕಿದವರಿಗೆ ಈ ಪರೀಕ್ಷೆ ಹೊಸದೇನಲ್ಲ. ಪೇಟಿ, ತಬಲಾ, ಒಂದು ಕೀಬೋರ್ಡು, ಮೇಳದಲ್ಲಿ ನಾಲ್ಕು ಜನ. ಆರು ತಿಂಗಳಲ್ಲಿ ಮೂರು ಪ್ರದರ್ಶನ ಆದವು: ಧಾರವಾಡ, ಹುಬ್ಬಳ್ಳಿ, ಕೊನೆಗೆ ಹಾವೇರಿ ಜಿಲ್ಲೆಯ ಒಂದು ಊರಿನ ಜಾತ್ರೆ. ಮೂರೂ ಕಡೆ ಕತೆ ಅದೇ. ಜನ ನಕ್ಕದ್ದು ಮಾತ್ರ ಮೂರು ಕಡೆ ಮೂರು ಥರ.

ಇಂಥ ನಾಟಕ ನಾವೇ ಮೊದಲು ಮಾಡಿದ್ದು ಅಂತ ಎದೆ ತಟ್ಟಿಕೊಳ್ಳೋ ಹಾಗಿಲ್ಲ. ಬೆಕ್ಕಿನ ಫೋಟೋ ಮೇಲೆ ತಪ್ಪು ಸ್ಪೆಲಿಂಗಿನ ಮಾತು ಬರೆಯೋ ಮೀಮ್‌ಗಳನ್ನೇ ಹಿಡಿದು ನ್ಯೂಯಾರ್ಕಿನಲ್ಲಿ 2012ರಲ್ಲೇ ಒಂದು ಸಂಗೀತ ನಾಟಕ ಆಗಿದೆ. ಕೊರೊನಾ ಹೊತ್ತಲ್ಲಿ ಟಿಕ್‌ಟಾಕ್ ಮಂದಿ ಕಾರ್ಟೂನ್ ಸಿನಿಮಾವೊಂದರ ಅಡುಗೆ ಮಾಡೋ ಇಲಿಯ ಮೇಲೆ ಚೂರುಪಾರು ಹಾಡು ಕಟ್ಟಿದರು. ಅವೆಲ್ಲ ಸೇರಿ ಒಂದು ನಾಟಕವೇ ಆಗಿ, 2021ರ ಜನವರಿ 1ಕ್ಕೆ ಆನ್‌ಲೈನಲ್ಲಿ ಬಂದು, ಕೆಲಸವಿಲ್ಲದೆ ಕೂತ ಕಲಾವಿದರಿಗೆ 20 ಲಕ್ಷ ಡಾಲರ್ ಕೂಡಿಸಿಕೊಟ್ಟಿತು. ಅಷ್ಟೊತ್ತಿಗೆ ನಮ್ಮಲ್ಲಿ ಟಿಕ್‌ಟಾಕ್ ಬಂದ್ ಆಗಿ ಆರು ತಿಂಗಳಾಗಿತ್ತು. ಆದರೆ ಆ ಎರಡಕ್ಕೂ ಒಂದು ಅನುಕೂಲ ಇತ್ತು. ಟಿಕೆಟ್ ತಗೊಂಡವರಿಗೆ ಮೂಲದ ಜೋಕು ಮೊದಲೇ ಗೊತ್ತಿರುತ್ತಿತ್ತು. ನಮ್ಮ ಮುಂದಿನ ಸಾಲಿನಲ್ಲಿ ಕೂತವರು ರಿಟೈರ್ಡ್ ಮಾಸ್ತರುಗಳು.

ಧಾರವಾಡ

ಸ್ಟೇಜ್ ಹಿಂದೆ ಒಂದು ದೊಡ್ಡ ಪರದೆ ಕಟ್ಟಿ, ಯಾವ ಹಾಡಿಗೆ ಯಾವ ಮೀಮ್ ಮೂಲವೋ ಅದನ್ನ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಗೊತ್ತಿಲ್ಲದವರಿಗೂ ಗೊತ್ತಾಗಲಿ ಅಂತ. ಒಳ್ಳೇ ಯೋಚನೆ ಅಂತ ಎಲ್ಲರಿಗೂ ಅನ್ನಿಸಿತ್ತು. ಆದದ್ದೇನು ಅಂದರೆ, ಜನ ಪರದೆ ನೋಡಿದರು, ನಟರನ್ನ ನೋಡಲಿಲ್ಲ. ನನ್ನ ಜಾಗದಿಂದ ಸ್ಪಷ್ಟ ಕಾಣುತ್ತಿತ್ತು: ಗದ್ದಗಳೆಲ್ಲ ಒಂದೇ ಸಲ ಮೇಲೆ ಎದ್ದವು, ಹಾಡು ಮುಗಿಯೋ ತನಕ ಕೆಳಗೆ ಇಳಿಯಲಿಲ್ಲ. ಅವ್ವನ ಪಾತ್ರದ ಹುಡುಗಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎಷ್ಟು ಚಲೋ ನಡೆದಳು ಅಂತ ನೋಡಿದವನು ನಾನೊಬ್ಬನೇ ಇರಬೇಕು.

ಇನ್ನು ಹುಡುಗರ ನಗು. ಅದು ನಾಟಕಕ್ಕೆ ಬಂದ ನಗು ಅಲ್ಲ, ಗುರುತು ಹಿಡಿದ ನಗು. ಬಸ್ಸಿನಲ್ಲಿ ಪರಿಚಯದ ಮುಖ ಕಂಡಾಗ ಕೈ ಎತ್ತುತ್ತೀವಲ್ಲ, ಹಾಗೆ. ಟ್ಯೂನ್ ಗೊತ್ತಾಯ್ತು, ನಕ್ಕರು, ಮುಗೀತು. ಮುಂದೆ ಮೂರು ನಿಮಿಷ ಹಾಡು ಹಾಡೋದು ನಮ್ಮ ಕರ್ಮ. ಅದರಲ್ಲೂ ನಾಲ್ಕನೇ ಹಾಡಿಗೆ ಹಿಂದಿನಿಂದ ಒಬ್ಬ ಕೂಗಿಯೇಬಿಟ್ಟ: "ಹಳೇದಾತಲೇ ಇದು!" ಖರೆನೇ. ನಾವು ಬರೆಯೋಕೆ ಶುರು ಮಾಡಿದಾಗ ಆ ರೀಲ್ ಎಲ್ಲರ ಸ್ಟೇಟಸ್ಸಿನಲ್ಲಿತ್ತು. ತಾಲೀಮು ಮುಗಿಯೋ ಹೊತ್ತಿಗೆ ಬಾಡಿತ್ತು. ಎರಡು ತಿಂಗಳು ತಾಲೀಮು ಮಾಡೋ ತಂಡ ಎರಡು ವಾರ ಬಾಳೋ ಜೋಕನ್ನ ನಂಬಿಕೊಂಡರೆ ಹಿಂಗೇ ಆಗೋದು.

ಆದರೆ ಅದೇ ನಾಲ್ಕನೇ ಹಾಡಿಗೆ ಮೂರನೇ ಸಾಲಿನಲ್ಲಿ ಕೂತಿದ್ದ ನಮ್ಮ ಸೋದರತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪಕ್ಕದಲ್ಲಿದ್ದ ಅವಳ ಭಜನಾ ಮಂಡಳಿ ಗೆಳತಿಯರೂ ಅಷ್ಟೇ. ಕಣ್ಣಲ್ಲಿ ನೀರು. ನನಗೆ ಆಶ್ಚರ್ಯ. ಇಂಟರ್ವಲ್‌ನಲ್ಲಿ ಕೇಳಿದೆ, "ಅತ್ತಿ, ಆ ರೀಲ್ ನಿಂಗ ಹೆಂಗ ಗೊತ್ತು?" "ಮೊನ್ನೆ ಗ್ರೂಪಿನ್ಯಾಗ ಬಂದಿತ್ತಲೋ. ನಾನೂ ಹತ್ತು ಮಂದಿಗೆ ಕಳಿಸೇನಿ" ಅಂದಳು.

ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದ ಕೆಲಸಕ್ಕೆ ಬರೋ ಸಾಲು ಇದೊಂದೇ. ಜೋಕು ಮೊದಲು ಹಾಸ್ಟೆಲ್ಲಿಗೆ ಬರುತ್ತೆ, ಅಲ್ಲಿಂದ ಆಫೀಸಿಗೆ, ಕೊನೆಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದಮೇಲೆ ಅವ್ವ, ಅತ್ತಿ, ಕಾಕಾ ಎಲ್ಲರೂ ಈ ಸರತಿಯಲ್ಲಿ ನಿಂತರು. ಆದರೆ ಅವರು ಸರತಿಯ ಕೊನೆಯಲ್ಲಿದ್ದಾರೆ. ಹುಡುಗರಿಗೆ ಹಳಸಿದ್ದು ಅವರಿಗೆ ಆಗಷ್ಟೇ ಒಲೆಯಿಂದ ಇಳಿದದ್ದು. ಒಂದೇ ಥಿಯೇಟರಿನಲ್ಲಿ ಇಬ್ಬರನ್ನೂ ಕೂರಿಸಿದರೆ ಒಂದು ಸಾಲು ನಕ್ಕಾಗ ಇನ್ನೊಂದು ಸಾಲು ಸುಮ್ಮನೆ ಕೂರುತ್ತೆ.

ಆ ದಿನ ಎಲ್ಲ ಸಾಲೂ ಒಟ್ಟಿಗೆ ನಕ್ಕದ್ದು ಒಂದೇ ಜಾಗದಲ್ಲಿ. ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತೆ ಅನ್ನೋ ಮಾತಿದೆಯಲ್ಲ, ಅದನ್ನ ಒಬ್ಬ ಡೆಲಿವರಿ ಹುಡುಗನ ಬಾಯಲ್ಲಿ ಹಾಡಿಸಿದ್ದೆವು. ಪಾರ್ಸೆಲ್ ಕೊಡೋಕೆ ಹೋದ ಮನೆಯಲ್ಲೆಲ್ಲ ಕವನ ಕೇಳಿಸಿಕೊಂಡು ಬರುತ್ತಾನೆ. ಮುಂದಿನ ಸಾಲಿನ ಮಾಸ್ತರುಗಳು ನಕ್ಕರು, ನಕ್ಕು ಒಬ್ಬರ ಮುಖ ಒಬ್ಬರು ನೋಡಿದರು. ಆ ಮಾತು ಯಾವ ಫೋನಿನಲ್ಲೂ ಹುಟ್ಟಿದ್ದಲ್ಲ. ಅವರ ಪ್ರಾಯಕ್ಕಿಂತ ಹಳೇದು.

ಪ್ರದರ್ಶನ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಪೇಟಿ ಮಾಸ್ತರು ಈ ಮಾತು ತೆಗೆದರು. ಎಪ್ಪತ್ತು ದಾಟಿದ ಜೀವ, ಕಂಪನಿ ನಾಟಕಗಳಲ್ಲಿ ಕಾಲಪೇಟಿ ತುಳಿದವರು. ಮೀಮ್ ಅನ್ನೋ ಪದದ ಹುಟ್ಟು ನಾನು ಹೇಳುತ್ತಿದ್ದೆ. 1976ರಲ್ಲಿ ರಿಚರ್ಡ್ ಡಾಕಿನ್ಸ್ ಅನ್ನೋ ಜೀವವಿಜ್ಞಾನಿ ಇಟ್ಟ ಹೆಸರು. ತಲೆಯಿಂದ ತಲೆಗೆ ನಕಲಾಗುತ್ತ ಹೋಗೋ ರಾಗ, ಮಾತು, ಫ್ಯಾಷನ್ ಎಲ್ಲಕ್ಕೂ. ಮಾಸ್ತರು ಬಸಿಯಿಂದ ಚಹಾ ಹೀರಿ ಅಂದರು: "ಹಂಗಾದ್ರ ನಾವು ಮೊದಲಿಂದನೂ ಇದನ್ನ ಮಾಡ್ಕೋತ ಬಂದೇವಿ ತಗೊ. ಮಟ್ಟು ಅಂದ್ರ ಮತ್ತೇನು?"

ತೆಗೆದು ಹಾಕೋ ಮಾತಲ್ಲ ಅದು. ಈ ಕಡೆ 19ನೇ ಶತಮಾನದಲ್ಲಿ ಮರಾಠಿ ಸಂಗೀತ ನಾಟಕಗಳದ್ದೇ ಜೋರು. ಆ ನಾಟಕಗಳನ್ನ ಕಟ್ಟಿ ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೆ ಎದುರಾಗಿ ಕನ್ನಡದ ನಾಟಕ ಮಂಡಳಿ ಕಟ್ಟಿದವರು ಗದುಗಿನ ಶಾಂತಕವಿಗಳು. ಜನರ ಕಿವಿಯಲ್ಲಿ ಮೊದಲೇ ಕೂತ ಟ್ಯೂನಿಗೆ ಕನ್ನಡದ ಮಾತು ಕೂರಿಸೋದು ಆಮೇಲೆ ಕಂಪನಿಗಳ ರೂಢಿಯೇ ಆಯಿತು. ಅದೇ ಮಟ್ಟು. ಇವತ್ತು ಟ್ರೆಂಡಿಂಗ್ ಆಡಿಯೋ ಹಾಕಿಕೊಂಡು ರೀಲ್ ಮಾಡೋ ಹುಡುಗ ಮಾಡುತ್ತಿರೋದೂ ಅದನ್ನೇ ಅಲ್ವಾ? ‘ಒನ್ಸ್ ಮೋರ್’ ಕೂಡ ಹಾಗೆ. ಸತ್ತು ಬಿದ್ದ ಪಾತ್ರ ಜನರ ಕೂಗಿಗೆ ಎದ್ದು, ಹಾಡು ಇನ್ನೊಮ್ಮೆ ಹಾಡಿ, ಮತ್ತೆ ಸತ್ತ ಕತೆಗಳನ್ನ ಕಂಪನಿಯವರ ಬಾಯಲ್ಲಿ ನೀವೂ ಕೇಳಿರುತ್ತೀರಿ. ರೀಲ್ ತಾನೇ ಮರಳಿ ಮರಳಿ ಓಡುತ್ತೆ, ಆಗ ಜನ ಕೂಗಿ ಓಡಿಸುತ್ತಿದ್ದರು.

"ಆದ್ರ ತಮ್ಮಾ," ಅಂದರು ಮಾಸ್ತರು, "ನಾವು ಮಟ್ಟು ಹಚ್ಚಿದ್ರ ಮಾತು ನಮ್ಮದಿರತಿತ್ತು. ನೀವು ಮಟ್ಟೂ ಅವರದs ತಂದೀರಿ, ಮಾತೂ ಅವರದs ತಂದೀರಿ." ನನ್ನ ಮೂರು ಹಾಡುಗಳೂ ಅದರಲ್ಲಿ ಸೇರಿದ್ದವು ಅನ್ನೋದು ಅವರಿಗೆ ಗೊತ್ತಿತ್ತು.

ಹುಬ್ಬಳ್ಳಿ

ಎರಡನೇ ಪ್ರದರ್ಶನಕ್ಕೆ ಪರದೆ ತೆಗೆದೆವು. ಅಷ್ಟು ಮಾಡಿ ಬಿಟ್ಟಿದ್ದರೆ ಸಾಕಿತ್ತು. ನಾನು ಸುಮ್ನಿರದೆ ಒಂದು ಸಲಹೆ ಕೊಟ್ಟೆ: ಪ್ರತಿ ಹಾಡಿನ ಮುಂಚೆ ಸೂತ್ರಧಾರ ಬಂದು ಮೀಮ್ ಏನು, ಎಲ್ಲಿಂದ ಬಂತು ಅಂತ ಎರಡು ಮಾತು ಹೇಳಲಿ. ಹೇಳಿದ. ಪ್ರತಿ ಸಲ ನಾಟಕ ನಿಂತಿತು. ಬಿಡಿಸಿ ಹೇಳಿದ ಜೋಕು ಒಣ ರೊಟ್ಟಿ ಇದ್ದ ಹಾಗೆ, ತಿನ್ನಬಹುದು, ಆದರೆ ಬಾಯಲ್ಲಿ ನೀರೂರೋದಿಲ್ಲ. ಗೊತ್ತಿದ್ದವರಿಗೆ ಬೇಜಾರು, ಗೊತ್ತಿಲ್ಲದವರಿಗೆ ಪಾಠ. ಐದನೇ ಹಾಡಿನ ಹೊತ್ತಿಗೆ ಸೂತ್ರಧಾರ ಕಾಣಿಸಿಕೊಂಡರೆ ಜನ ಫೋನ್ ತೆಗೆಯುತ್ತಿದ್ದರು. ತಪ್ಪು ನನ್ನದೇ. ಬರೆದಿಟ್ಟಿದ್ದೇನೆ.

ಊರಿನ ಜೋಕುಗಳು ಇಲ್ಲೂ ಕೈ ಬಿಡಲಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿಗೇ ಉದ್ದದ್ದು. ಅದರ ಮೇಲೆ ಗಂಡ ಹೆಂಡತಿ ಬೋಗಿ ಹುಡುಕುತ್ತ ಓಡೋ ಹಾಡು ಒಂದಿತ್ತು. "ಇನ್ನೊಂದೀಟ ನಡದ್ರ ಧಾರವಾಡನs ಬರತೈತಿ" ಅನ್ನೋ ಸಾಲಿಗೆ ಸೀಟಿ ಬಿದ್ದವು. ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ಸಿನ ಹಾಡಿಗೂ ಹಾಗೇ. ಧಾರವಾಡದವರನ್ನ ಆಡಿಕೊಂಡಾಗ ಹುಬ್ಬಳ್ಳಿ ಜನ ನಗೋ ನಗೆಯಲ್ಲಿ ಒಂದು ತೂಕ ಜಾಸ್ತಿ ಇರುತ್ತೆ, ಅದು ಬೇರೆ ಮಾತು.

ಇಲ್ಲಿ ಹೇಳಲೇಬೇಕಾದದ್ದು ಶೇಂಗಾ ಹಾಡಿನ ಕತೆ.

ಅದು ನನ್ನ ಹಾಡು. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರೋ ಒಬ್ಬ ಮುದುಕನ ವಿಡಿಯೋ ಒಂದು ವೈರಲ್ ಆಗಿತ್ತು. ಯಾರೋ ಹುಡುಗ ಹತ್ತು ರೂಪಾಯಿ ಚಾಚಿ, ಇಷ್ಟೇನಾ ಕೊಡೋದು ಅಂತ ಮತ್ತೆ ಮತ್ತೆ ಕೆಣಕುತ್ತಾನೆ. ಮುದುಕ ರೇಗುತ್ತಾನೆ: "ನಿನ್ನ ಹತ್ತು ರೂಪಾಯಿ ನೀನs ಇಟ್ಕೊ, ನನ್ನ ಶೇಂಗಾ ನಾನs ತಿಂತೀನಿ!" ಅಷ್ಟೇ, ಕೆಲವೇ ಸೆಕೆಂಡಿನ ತುಣುಕು. ಅದಕ್ಕೆ ಯಾರೋ ಬೀಟ್ ಹಾಕಿದರು, ಮದುವೆ ಮೆರವಣಿಗೆಗಳಲ್ಲೂ ಓಡಿತು. ನಾಟಕದಲ್ಲಿ ನಮ್ಮ ಹುಡುಗನೊಬ್ಬ ಧೋತರ ಉಟ್ಟು, ಟೊಪಗಿ ಹಾಕಿ, ಕೈ ನಡುಗಿಸುತ್ತ ಆ ಸಾಲು ಹಾಡುತ್ತಿದ್ದ. ಎರಡೂ ಊರಿನಲ್ಲಿ ದೊಡ್ಡ ನಗು ಬಿದ್ದ ಜಾಗ ಅದು. ಆ ಹುಡುಗ ಮುದುಕನ ಸಿಟ್ಟನ್ನ ಅಷ್ಟು ಚೆನ್ನಾಗಿ ನಕಲು ಮಾಡುತ್ತಿದ್ದ.

ಪ್ರದರ್ಶನ ಮುಗಿದು ನಾವು ಸಾಮಾನು ಕಟ್ಟುತ್ತಿದ್ದಾಗ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಸ್ಟೇಜ್ ಹತ್ತಿರ ಬಂದು ನಿಂತಳು. ಹೊಗಳೋಕೆ ಬಂದಿರಬೇಕು ಅಂದುಕೊಂಡು ನಮ್ಮ ನಿರ್ದೇಶಕರು ನಗುಮುಖ ಮಾಡಿದರು. ಆಕೆ ಕೇಳಿದಳು, "ಆ ಶೇಂಗಾದ ಅಜ್ಜನ ಹಾಡು ಬರದವ್ರು ಯಾರ್ರೀ?" ನಾನು ಅಂದೆ.

"ಅಂವ ನಮ್ಮ ಓಣಿಯವ್ರೀ. ಆ ವಿಡಿಯೋ ಬಂದಮ್ಯಾಲೆ ದಿನಾ ಹುಡುಗ್ರು ಹತ್ತು ರೂಪಾಯಿ ನೋಟು ಹಿಡಕೊಂಡು ಬರ್ತಿದ್ರು. ಶೇಂಗಾ ತಗೊಳ್ಳಿಕ್ಕಲ್ಲ. ಬೈಸ್ಕೊಳ್ಳಿಕ್ಕೆ. ಈಗ ಬಸ್ ಸ್ಟ್ಯಾಂಡಿಗೆ ಹೋಗೂದs ಬಿಟ್ಟಾನ್ರೀ ಅಂವ."

ಯಾರೂ ಮಾತಾಡಲಿಲ್ಲ. ತಬಲಾದ ಹುಡುಗ ಗವಸಣಿಗೆಯ ದಾರ ಎಳೆಯುತ್ತಿದ್ದವನು ಹಾಗೇ ನಿಂತ. ಆಕೆಯೇ ಮುಂದುವರಿಸಿದಳು, ಸ್ವಲ್ಪ ಸಣ್ಣ ದನಿಯಲ್ಲಿ: "ನಾನೂ ನಕ್ಕೆ ಬಿಡ್ರಿ. ನಕ್ಕಮ್ಯಾಲೆ ಅವನ ನೆನಪಾತು."

ಬೈದು ಹೋಗಿದ್ದರೆ ನಾವು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆವೇನೋ. ಆ ಮಾತಿಗೆ ಏನು ಹೇಳೋದು? ಮಾರನೇ ದಿನ ತಂಡದಲ್ಲಿ ದೊಡ್ಡ ಜಗಳ ಆಯಿತು. ಹಾಡು ತೆಗೀರಿ ಅಂತ ಕೆಲವರು. ವಿಡಿಯೋ ಮಾಡಿದವನು ಯಾವನೋ, ಅದಕ್ಕೂ ನಮಗೂ ಏನು ಸಂಬಂಧ ಅಂತ ಕೆಲವರು. ನಾನು ಎರಡನೇ ಗುಂಪಿನಲ್ಲೇ ಇದ್ದೆ. ಹಾಡು ನನ್ನದು, ನಗು ಬಿದ್ದದ್ದು ಅದಕ್ಕೇ, ಬಿಡೋಕೆ ಮನಸ್ಸಾಗಲಿಲ್ಲ. ನಿರ್ದೇಶಕರು ಮಾತ್ರ ಆ ಹೆಣ್ಣುಮಗಳ ಜೊತೆ ಅಜ್ಜನ ಮನೆಗೆ ಹೋಗಿ ಬಂದರು. ಅಜ್ಜ ಜಾಸ್ತಿ ಮಾತಾಡಲಿಲ್ಲವಂತೆ. "ಹಾಡ್ರಿ ಬೇಕಾರ. ನನ್ನ ಮಾರಿ ತೋರಿಸಬ್ಯಾಡ್ರಿ" ಅಂದನಂತೆ.

ಹಾಡು ಮತ್ತೆ ಬರೆದೆ. ಧೋತರ, ಟೊಪಗಿ, ನಡುಗೋ ಕೈ ಎಲ್ಲ ಹೋದವು. ಸ್ಟೇಜ್ ನಡುವೆ ಬರೀ ಒಂದು ಶೇಂಗಾ ಬುಟ್ಟಿ. ಈ ಕಡೆಯಿಂದ ಫೋನ್ ಹಿಡಿದ ಹುಡುಗ ಬರುತ್ತಾನೆ, ನೋಟು ಆಡಿಸುತ್ತಾನೆ, ಬೈಯಿ ಅಜ್ಜಾ ಬೈಯಿ ಅಂತ ಬುಟ್ಟಿಗೆ ಗೋಗರೆಯುತ್ತಾನೆ. ಉತ್ತರ ಕೊಡೋದು ಮೇಳ, ನಾಲ್ಕು ಜನ ಒಂದೇ ದನಿಯಲ್ಲಿ. ಅಜ್ಜನ ಮಾತು ಒಂದಕ್ಷರ ಬದಲಾಗಲಿಲ್ಲ. ಮಟ್ಟು ಮಾಸ್ತರದು. ರೀಮಿಕ್ಸ್ ಬೀಟ್ ತೆಗೆದು ಪದದ ಧಾಟಿ ಹಚ್ಚಿದರು.

ಜಾತ್ರೆ

ಸೂತ್ರಧಾರನ ಪಾಠಕ್ಕೂ ಮಾಸ್ತರೇ ದಾರಿ ಹುಡುಕಿದರು. "ದೊಡ್ಡಾಟದಾಗ ಪಾತ್ರ ಬಂದ್ರ ಸಾರಥಿ ಕೇಳ್ತಾನಲ್ಲ, ತಾವು ಧಾರು ಅಂತ. ಹಂಗ ಕೇಳಸ್ರಿ." ದೊಡ್ಡಾಟ ಅಂದರೆ ಈ ಕಡೆಯ ಬಯಲಾಟ, ಅದರಲ್ಲಿ ಬಂದ ಪಾತ್ರವನ್ನ ‘ತಾವು ಯಾರು’ ಅಂತ ಕೇಳಿ ಜನರಿಗೆ ಪರಿಚಯ ಮಾಡಿಸೋನು ಸಾರಥಿ. ಅಷ್ಟು ದಿನ ಕಣ್ಣ ಮುಂದೇ ಇದ್ದದ್ದು ನಮಗೆ ಹೊಳೆದಿರಲಿಲ್ಲ. ಹಾವೇರಿ ಕಡೆಯ ಜನಕ್ಕೆ ಸಾರಥಿಯನ್ನ ಪರಿಚಯ ಮಾಡಿಸಬೇಕಾದ್ದಿಲ್ಲ. ಮೀಮ್ ಗೊತ್ತಿಲ್ಲದಿದ್ದರೂ ನಡೆಯುತ್ತೆ, ಸಾರಥಿ ಗೊತ್ತಲ್ಲ.

ಬಯಲು, ಮಂಟಪ, ಪಕ್ಕದಲ್ಲಿ ಗುಡುಗುಡು ಅನ್ನೋ ಜನರೇಟರ್. ಮುಂದೆ ತಾಡಪತ್ರಿ ಹಾಸಿ ಹೆಂಗಸರು, ಮಕ್ಕಳು. ಹಿಂದೆ ಮಿರ್ಚಿ-ಮಂಡಕ್ಕಿ, ಬೆಂಡು-ಬತ್ತಾಸು, ಬಳೆ ಅಂಗಡಿಗಳ ಸಾಲು. ಮೊದಲ ಮೀಮ್ ಪಾತ್ರ ಕುಣಿಯುತ್ತ ಬಂತು. ಸಾರಥಿ ಮೀಸೆ ತಿರುವಿ ತಡೆದ.

"ಈ ಸಭಾಸ್ಥಾನಕ್ಕೆ ಬಂದಂಥಾ ತಾವು ಧಾರು? ತಮ್ಮ ನಾಮಾಂಕಿತವೇನು?"

"ನಾನು ಮೀಮು."

"ತಂದೆ ಯಾರು?"

"ಗೊತ್ತಿಲ್ಲ."

"ತಾಯಿ?"

"ಗೊತ್ತಿಲ್ಲ."

"ಭಲಾ! ಹಾಗಾದರೆ ನಿನ್ನನ್ನು ಸಾಕಿದವರಾರು?"

"ಫಾರ್ವರ್ಡ್ ಮಾಡಿದವರು!"

ಹುಡುಗರ ಗುಂಪು ನಕ್ಕಿತು. ಸಾರಥಿ ಬಿಡಲಿಲ್ಲ. ಪಾತ್ರದ ತಲೆ ಮೇಲೆ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ್ದ ಜೋಡಿ ಬಾಣ ತೋರಿಸಿದ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಹಳ ಸಲ ದಾಟಿದ ಮೆಸೇಜಿನ ಮೇಲೆ ಬರುತ್ತಲ್ಲ, ಅದು. "ಇದೇನಿದು ಎರಡು ಬಾಣ? ಯಾವ ಕುರುಕ್ಷೇತ್ರದಲ್ಲಿ ನಾಟಿದವು?"

"ಫ್ಯಾಮಿಲಿ ಗ್ರೂಪಿನ್ಯಾಗ, ಸಾರಥೀ!"

ತಾಡಪತ್ರಿ ಮೇಲಿನ ಹೆಂಗಸರಿಂದ ಹಿಡಿದು ಹಿಂದೆ ನಿಂತ ಹುಡುಗರ ತನಕ ಒಂದೇ ಸಲ ನಗು. ಎರಡು ಪ್ರದರ್ಶನದಲ್ಲಿ ನಾನು ಕಾಯುತ್ತಿದ್ದದ್ದು ಇದನ್ನೇ. ಬರೆದುಕೊಳ್ಳೋಕೂ ಆಗಲಿಲ್ಲ, ನಾನೂ ನಗುತ್ತಿದ್ದೆ. ಎಲ್ಲ ಸಲೀಸಾಗಿ ಹೋಯಿತು ಅಂತೇನಿಲ್ಲ. ಇಂಗ್ಲಿಷ್ ಮಾತಿನ ಆಟದ ಮೇಲೆ ನಿಂತಿದ್ದ ಎರಡು ಹಾಡು ಬಿದ್ದುಹೋದವು. ಪ್ಲಾಟ್‌ಫಾರ್ಮ್ ಹಾಡಿಗೆ ಹುಬ್ಬಳ್ಳಿಯ ಅರ್ಧ ನಗುವೂ ಬರಲಿಲ್ಲ. ನಡುವೆ ಒಮ್ಮೆ ಮೈಕ್ ಕೈ ಕೊಟ್ಟಿತು.

ಶೇಂಗಾ ಹಾಡು ಬಂದಾಗ ನಾನು ಎದ್ದು ಹಿಂದಕ್ಕೆ ಹೋಗಿ ನಿಂತೆ. ಧೈರ್ಯ ಇರಲಿಲ್ಲ. ಆ ವಿಡಿಯೋ ಇಲ್ಲಿ ಎಷ್ಟು ಜನ ನೋಡಿದ್ದಾರೋ, ನೋಡದವರಿಗೆ ಬುಟ್ಟಿಯ ಮುಂದೆ ಒಬ್ಬ ಹುಡುಗ ಗೋಗರೆಯೋದರಲ್ಲಿ ಏನು ಕಂಡೀತು? ಹುಡುಗ ನೋಟು ಆಡಿಸಿದ. ಒಂದಿಷ್ಟು ಮಕ್ಕಳು ನಕ್ಕರು. ಮೇಳದವರು ಎದ್ದು ನಿಂತು ಹಾಡಿದರು: ನಿನ್ನ ಹತ್ತು ರೂಪಾಯಿ ನೀನs ಇಟ್ಕೊ, ನನ್ನ ಶೇಂಗಾ ನಾನs ತಿಂತೀನಿ.

ಸೀಟಿ ಬಂದದ್ದು ನನ್ನ ಬೆನ್ನ ಹಿಂದಿನಿಂದ. ಬತ್ತಾಸಿನ ಅಂಗಡಿಯವನು ತಕ್ಕಡಿ ಹಿಡಿದ ಕೈ ಹಾಗೇ ಎತ್ತಿ ನಿಂತಿದ್ದ. ಬಳೆಗಾರ್ತಿ ಚಪ್ಪಾಳೆ ಹೊಡೆಯುತ್ತಿದ್ದಳು. "ಖರೆ ಐತಿ ನೋಡ್ರೀ!" ಅಂತ ಮಿರ್ಚಿ ಬಾಣಲೆ ಕಡೆಯಿಂದ ಯಾರೋ ಕೂಗಿದರು. ಇಡೀ ದಿನ ಚೌಕಾಸಿ ಕೇಳಿಸಿಕೊಂಡ ಮಂದಿ ಅವರು. ಮೀಮ್ ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ್ದೂ ಇರಲಿಲ್ಲ. ಒನ್ಸ್ ಮೋರ್ ಬಿತ್ತು. ಮೇಳ ಹಾಡಿತು. ಮತ್ತೆ ಬಿತ್ತು. ಮೂರನೇ ಸಲಕ್ಕೆ ಜನವೇ ಹಾಡಿದರು, ಮಾಸ್ತರು ಸುಮ್ಮನೆ ಪೇಟಿ ಹಿಡಿದರು. ಎರಡು ಊರಿನಲ್ಲಿ ಅಜ್ಜನ ಸಿಟ್ಟಿಗೆ ನಕ್ಕಿದ್ದರು, ಇಲ್ಲಿ ಅವನ ಪಕ್ಕ ನಿಂತು ನಕ್ಕರು. ಹುಡುಗನ ಪಾತ್ರ ಮಾಡಿದವನು ಫೋನ್ ಜೇಬಿಗಿಟ್ಟು ಬುಟ್ಟಿಯ ಹಿಂದೆ ಮುದುಡಿ ಕೂತ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಈಗ ಸೇರಿಸಿದ್ದೇವೆ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಸೋದರತ್ತೆಯಿಂದ ವಾಟ್ಸಾಪ್ ಬಂತು. ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಒಂದು ವಿಡಿಯೋ. ಜಾತ್ರೆಯಲ್ಲಿ ಯಾರೋ ಹಿಂದಿನಿಂದ ಹಿಡಿದದ್ದು, ಅಲ್ಲಾಡುತ್ತಿತ್ತು. ಸಾರಥಿ ಮೀಸೆ ತಿರುವಿ ಎರಡು ಬಾಣ ತೋರಿಸುತ್ತಿದ್ದ. ವಿಡಿಯೋದ ನೆತ್ತಿಯ ಮೇಲೂ ಎರಡು ಬಾಣ. ಕೆಳಗೆ ಅತ್ತಿ ಬರೆದಿದ್ದಳು: "ಯಾವ ಊರಿನ ನಾಟಕೋ ಏನೋ, ಭಾಳ ನಕ್ಕೆ. ನೀವೂ ಹಿಂಗ ಮಾಡ್ರೋ."